ಯಜಮಾನಿಕೆ ಬಿಡುವ ಹೊತ್ತು

ಸರ್ಕಾರಿ ನೌಕರರಿಗೆ ಕೆಲಸ ಬಿಡುವ ದಿನ ಮೊದಲೇ ಗೊತ್ತಿರುತ್ತದೆ. 60 ತುಂಬಿದ ತಿಂಗಳ ಕೊನೆಯ ದಿನ ಹಾರ, ಮೈಸೂರು ಪೇಟ, ಶಾಲು, ನಾಲ್ಕು ಜನರ ಮಾತು, ಊಟ. 2008ಕ್ಕೆ ಮುಂಚೆ ಅದು 58ಕ್ಕೇ ಬರುತ್ತಿತ್ತು. ನಮ್ಮ ಕಡೆಯ ಬೇಸಾಯಗಾರರಿಗೆ ಅಂಥ ದಿನವೇ ಇಲ್ಲ. ನಾಗಮಂಗಲದ ಮಳೆ ನಂಬಿದ ಹೊಲದಲ್ಲಿ ರಾಗಿ, ಹುರುಳಿ ಬೆಳೆಯುವ ನನ್ನ ಸೋದರಮಾವ ಎಪ್ಪತ್ತು ದಾಟಿದ್ದಾರೆ. ಮಂಡಿಗೆ ಎಣ್ಣೆ ಸವರಿಕೊಂಡು ಬೆಳಗಾಗುವ ಮುಂಚೆ ಹೊಲದ ಬದುವಿನ ಮೇಲಿರುತ್ತಾರೆ. "ಸಾಕು ಮಾವ, ಇನ್ನಾದ್ರೂ ಕೂತ್ಕೊಳ್ಳಿ" ಅಂದರೆ, "ಕೂತ್ಕಂಡ್ರೆ ನನ್ನ ಯಾರ್ ಕೇಳಾರು ಮಗ?" ಅನ್ನುತ್ತಾರೆ.

ಮೈಗೆ ದುಡಿಮೆ ರೂಢಿಯಾಗಿದೆ, ಬಿಟ್ಟರೆ ಕಾಯಿಲೆ ಬೀಳುತ್ತಾರೆ ಎಂದು ನಾವು ಮಕ್ಕಳು ಮಾತಾಡಿಕೊಳ್ಳುವುದುಂಟು. ಅದು ಅರ್ಧ ಮಾತ್ರ ನಿಜ. ಬಿತ್ತನೆ ಯಾವತ್ತು, ತೆಂಗಿನಕಾಯಿ ಯಾರಿಗೆ, ಮೊಮ್ಮಗಳ ಮದುವೆಗೆ ಎಷ್ಟು ಎಂದು ಮನೆಯಲ್ಲಿ ಒಬ್ಬರನ್ನು ಕೇಳುತ್ತಾರಲ್ಲ, ಆ ಒಬ್ಬರಾಗಿ ಉಳಿಯುವುದಕ್ಕಾಗಿಯೇ ಮಾವ ಗುದ್ದಲಿ ಬಿಡುತ್ತಿಲ್ಲ. ಹೆಂಗಸರ ಲೆಕ್ಕವೇ ಬೇರೆ. ನಮ್ಮತ್ತೆ ಎರಡು ಸೀಮೆಹಸು ಕಟ್ಟಿಕೊಂಡಿದ್ದರು. ಡೇರಿಯ ಬಟವಾಡೆ ಅವರ ಹೆಸರಿಗೇ ಬರುತ್ತಿತ್ತು. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದವರು ಮೊಮ್ಮಗು ಶಾಲೆಗೆ ಸೇರುವವರೆಗೂ ಅಲ್ಲೇ ಉಳಿಯಬೇಕಾಯಿತು. ಹಸುಗಳನ್ನು ಮಾರಿದರು. ಅಲ್ಲಿ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದ ದುಡಿಮೆ, ಕೈಯಲ್ಲಿ ಮಾತ್ರ ಬಿಡಿಗಾಸಿಲ್ಲ. ಅವರನ್ನು ಯಾರೂ ನಿವೃತ್ತರು ಎನ್ನಲಿಲ್ಲ, ಕೆಲಸದಲ್ಲಿದ್ದಾರೆ ಎಂದೂ ಅನ್ನಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಇನ್ನು ಮಗನ ಕಡೆಯಿಂದ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಪಹಣಿ ತೆಗೆಸಿದರೆ ಎಷ್ಟೋ ಕಡೆ ತೀರಿಕೊಂಡ ತಾತನ ಹೆಸರೇ ಬರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ. ಆಗಿದ್ದರೂ ಅದು ಅಪ್ಪನ ಹೆಸರಿಗೆ. ಮಗನಿಗೆ ನಲವತ್ತೆಂಟು ವರ್ಷ, ಕೂದಲು ನರೆತಿದೆ. ಸೊಸೈಟಿಯಲ್ಲಿ ಬೆಳೆ ಸಾಲ ಕೇಳಲು ಹೋದರೆ, "ನಿಮ್ಮಪ್ಪಾಜಿನ ಕರ್ಕಂಬಾ" ಎನ್ನುತ್ತಾರೆ. ಹನಿ ನೀರಾವರಿ ಹಾಕೋಣ ಅಂದರೆ ಅಪ್ಪ ಒಪ್ಪಬೇಕು, ಕಬ್ಬು ಕಿತ್ತು ಬಾಳೆ ಇಡೋಣ ಅಂದರೂ ಅಪ್ಪ ಒಪ್ಪಬೇಕು. ಹಾಗೇ ಕಾದು ಕಾದು ಅವನೂ ಮುದುಕನಾಗುತ್ತಾನೆ.

ಆದರೆ ಅಪ್ಪ ಯಾವ ಧೈರ್ಯದ ಮೇಲೆ ಬಿಟ್ಟುಕೊಡಬೇಕು? 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಮಾತ್ರೆಗೇ ಅದು ಸಾಲದು. ಅವನ ಪಿಂಚಣಿ ಅವನಿಗಿರುವ ಎರಡು ಎಕರೆಯೇ.

ಪಿಂಚಣಿ ಇದ್ದರೆ ಮುಪ್ಪು ಎಂಥದ್ದಾಗಬಹುದು ಎಂಬುದಕ್ಕೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರೇ ಇದ್ದಾರೆ. 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದರು. ಇಂಗ್ಲಿಷ್ ಮೇಷ್ಟರ ಕೆಲಸ ಮುಗಿದ ಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅವರದಾಗಿತ್ತು. ಅವರ 'ದೇವರು' ಪುಸ್ತಕ ಪ್ರಕಟವಾದದ್ದು 1991ರಲ್ಲಿ, ಅವರಿಗೆ ತೊಂಬತ್ತು ತುಂಬಿದ ಮೇಲೆ. ಇಡೀ ನಾಡು ಅದರ ಮೇಲೆ ವಾದ ಮಾಡಿತು. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯೂ ಒಂದು ಲೆಕ್ಕದಲ್ಲಿ ನಿವೃತ್ತಿಯ ನಂತರದ ಕೆಲಸವೇ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ ಅವಧಿಗೆ ಮುಂಚೆಯೇ ಬಿಡಿಸಿಕೊಂಡು ಬಂದು, ಐವತ್ತರ ಹತ್ತಿರ, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ಇವರಿಬ್ಬರೂ ಪ್ರತಿಭಾವಂತರು, ನಿಜ. ಆದರೆ ನಾಳೆಯ ಊಟಕ್ಕೆ ಇನ್ನೊಬ್ಬರ ಮುಖ ನೋಡಬೇಕಾಗಿದ್ದಿದ್ದರೆ ಆ ಪ್ರತಿಭೆ ಏನಾಗುತ್ತಿತ್ತೋ! 2006ರ ಏಪ್ರಿಲ್ 1ರಿಂದ ಈಚೆಗೆ ಸರ್ಕಾರಿ ಕೆಲಸಕ್ಕೆ ಸೇರಿದವರಲ್ಲಿ ಬಹುತೇಕರಿಗೆ ಹಳೆಯ ಪಿಂಚಣಿ ಇಲ್ಲ. ಅವರೂ ಈಗ ರೈತರಂತೆಯೇ ಮುಪ್ಪಿನ ಚಿಂತೆ ಮಾಡುತ್ತಿದ್ದಾರೆ.

ಜಮೀನು ಬಿಟ್ಟುಕೊಟ್ಟ ಅಪ್ಪನಿಗೆ ಕಾನೂನಿನ ಆಸರೆಯೂ ಒಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕು ಸೇರಿ ಪಾಂಡವಪುರ ಉಪವಿಭಾಗ. ಅಲ್ಲಿಯ ಎ.ಸಿ. ಸಾಹೇಬರ ಕಚೇರಿಗೆ ಜನ ಹೋಗುವುದು ಹೆಚ್ಚಾಗಿ ಖಾತೆಯ ತಕರಾರಿಗೆ. ಹಿರಿಯರ ಜೀವನಾಂಶದ ನ್ಯಾಯಮಂಡಳಿಯೂ ಅವರದೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 2007ರ ಕಾನೂನಿನ ಪ್ರಕಾರ, ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ಅಲ್ಲಿ ಅರ್ಜಿ ಕೊಡಬಹುದು. ವಕೀಲರು ಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಪಡೆದ ಜಮೀನಿನ ದಾನಪತ್ರವನ್ನೂ ರದ್ದು ಮಾಡಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಮ್ಮವರು ಅದನ್ನು ಬರೆಸುವುದೇ ಇಲ್ಲ. "ಹೆತ್ತ ಮಗನ ಹತ್ರ ಎಂಥ ಕಾಗದ?" ಎಂದು ನಾಚಿಕೊಳ್ಳುತ್ತಾರೆ. ದಯವಿಟ್ಟು ನಾಚಬೇಡಿ, ಒಂದು ಸಾಲು ಬರೆಸಿ ಎಂದು ಕೈಮುಗಿದು ಕೇಳುತ್ತೇನೆ.

ಇದಕ್ಕಿಂತಲೂ ಒಳ್ಳೆಯ ದಾರಿಯನ್ನು ಶ್ರೀರಂಗಪಟ್ಟಣದ ಕಡೆ, ನಾಲೆ ಬಯಲಿನ ಒಬ್ಬ ಗೌಡರಲ್ಲಿ ಕಂಡೆ. ಇನ್ನೂ ಗಟ್ಟಿಯಾಗಿದ್ದಾಗಲೇ, ಅರವತ್ತರ ಒಳಗೆ, ಗದ್ದೆಯನ್ನು ಮಗನ ಹೆಸರಿಗೆ ಮಾಡಿ ಸಾಲ, ಗೊಬ್ಬರ, ನೀರಿನ ಸರದಿ ಎಲ್ಲ ಅವನಿಗೇ ಬಿಟ್ಟರು. ಇಪ್ಪತ್ತು ಗುಂಟೆ ಮಾತ್ರ ತಮ್ಮ ಮತ್ತು ಹೆಂಡತಿಯ ಹೆಸರಲ್ಲಿ ಉಳಿಸಿಕೊಂಡರು. ಹೆಂಡತಿಯ ಹೆಸರೂ ಸೇರಿತಲ್ಲ, ಅದು ನನಗೆ ಇನ್ನೂ ಮೆಚ್ಚಿಗೆಯಾಯಿತು. ಮಗನ ಗದ್ದೆಯ ವಿಚಾರಕ್ಕೆ, ಕೇಳದೆ ಅವರು ಬಾಯಿ ಹಾಕುವುದಿಲ್ಲ. ಇಳುವರಿ ಕಡಿಮೆ ಎಂದು ಮಗ ಕೈಬಿಟ್ಟ ರಾಜಮುಡಿ ಭತ್ತವನ್ನು ತಮ್ಮ ತುಂಡಿನಲ್ಲಿ ನಾಟಿ ಹಾಕಿಸಿಕೊಂಡು, ಕಳೆಯನ್ನು ಗಂಡಹೆಂಡಿರೇ ಕೀಳುತ್ತಾರೆ. ಹೋದ ವರ್ಷ ಮಗ ಬಂದು ಬಿತ್ತನೆಗೆ ರಾಜಮುಡಿ ಕೇಳಿದನಂತೆ. ಗೌಡರು ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದರು. ಆಕೆ ಅಳೆದು ಕೊಟ್ಟರು, ದುಡ್ಡು ಎಣಿಸಿಕೊಂಡರು.