ನಮ್ಮ ಕಾರಿಗೊಬ್ಬ ಕಾವಲುಗಾರ

ಮಗ ಪುಣೆಗೆ ವರ್ಗವಾಗಿ ಹೋಗುವಾಗ ತನ್ನ ಹಳೆಯ ಕಾರನ್ನು ನಮಗೆ ಬಿಟ್ಟುಹೋದ. ಅಫಜಲಪುರದ ನಮ್ಮ ಓಣಿ ಎತ್ತಿನ ಬಂಡಿಯ ಕಾಲದ್ದು. ಮನೆಯಲ್ಲಿ ಕಾರಿಗೆ ಜಾಗವಿಲ್ಲ. ರಾತ್ರಿಯೆಲ್ಲ ಹೊರಗೆ ಬೇವಿನ ಗಿಡದ ಕೆಳಗೇ ಅದರ ವಾಸ. ನಮ್ಮಾಕೆಗೆ ಹೃದಯದ ತೊಂದರೆ. ಕಲಬುರಗಿಯ ಆಸ್ಪತ್ರೆ ಸುಮಾರು 60 ಕಿಲೋಮೀಟರ್ ದೂರ. ಕರೆದರೆ ಕಾರು ನಡೆಸಲು ಎದುರುಮನೆಯ ಹುಡುಗನಿದ್ದಾನೆ. ಆದರೆ ಕಾರು ಕಳುವಾಗಬಾರದು, ನಡುರಾತ್ರಿ ಚಾಲೂ ಆಗದೆ ಮುನಿಸಿಕೊಳ್ಳಲೂಬಾರದು. ಅಲಾರಾಂ ಕೂಡಿಸಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಇವೆರಡೇ.

ರಜೆಗೆ ಬಂದಿದ್ದ ಮೊಮ್ಮಗ ಕೇಳಿದ: "ಮುತ್ಯಾ, ಕಳ್ಳ ಬಂದಿದ್ದು ಕಾರಿಗೆ ಹ್ಯಾಂಗ ಗೊತ್ತಾಗ್ತದ?"

ಮಕ್ಕಳೇ, ಕಾರಿನ ಬಾಗಿಲಲ್ಲಿ ಪುಟ್ಟ ಸ್ವಿಚ್ ಇರುತ್ತದೆ. ಬಾಗಿಲು ತೆರೆದರೆ ಒಳಗಿನ ದೀಪ ಹತ್ತುವುದು ಅದರಿಂದಲೇ. ಅಲಾರಾಂ ಆ ಸ್ವಿಚ್ಚಿನ ಮೇಲೊಂದು ಕಣ್ಣಿಡುತ್ತದೆ. ಕಾರು ಅಲುಗಿದರೆ ತಿಳಿಸಲು ಬೇರೆ ಸೆನ್ಸರ್ ಇದೆ. ಇಮ್ಮೊಬಿಲೈಸರ್ ಎಂಬುದು ಇನ್ನೊಂದು. ಅದು ಒದರುವುದಿಲ್ಲ, ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ ಒಂದೊಂದು ಇರುತ್ತಿದ್ದವು. ಒಬ್ಬನಿಂದ ಅದು ತೆರೆಯುತ್ತಿರಲಿಲ್ಲ. ಕಾರಿಗೂ ಎರಡು ಕಾವಲಿರುವುದು ಒಳ್ಳೆಯದು. ಈಗಿನ ಅನೇಕ ಕಾರುಗಳಿಗೆ ಇಮ್ಮೊಬಿಲೈಸರ್ ಕಂಪನಿಯಿಂದಲೇ ಬರುತ್ತದೆ. ಹೊಸ ಕಾರಿನವರು ಮೊದಲು ಅದರ ಪುಸ್ತಕ ಓದಲಿ. ಹೊರಗಿನವರು ತಂತಿ ಮುಟ್ಟಿದರೆ ವಾರಂಟಿ ಉಳಿಯುತ್ತದೆಯೇ ಎಂದು ಶೋರೂಮಿನಲ್ಲಿ ಕೇಳಲಿ.

ಪುಣೆಯಲ್ಲಿ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆಯಿದೆ. ಅದು ಪ್ರಮಾಣೀಕರಿಸಿದ ಕಳವು ನಿರೋಧಕ ಸಾಧನವಿದ್ದರೆ, ಕಾರಿನ ಸ್ವಂತ ಹಾನಿಯ ವಿಮಾ ಕಂತಿನಲ್ಲಿ ಶೇ. 2.5ರಷ್ಟು, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿಯಿದೆ. ಗುಮಾಸ್ತನ ಬುದ್ಧಿ, ಲೆಕ್ಕ ಹಾಕಿದೆ. ಕಂತು 4,000 ಆದರೆ ಉಳಿತಾಯ 100 ರೂಪಾಯಿ! ಅದರಲ್ಲಿ ಒಂದು ಹೊತ್ತಿನ ಊಟ ಆಗಬಹುದು. ಆದರೂ ಪ್ರಮಾಣಪತ್ರ ಕೇಳಿದೆ, ಪರೀಕ್ಷೆ ಆದ ಮಾಲೆಂದು ಗೊತ್ತಾಗುತ್ತದಲ್ಲ.

ಕಲಬುರಗಿಯಲ್ಲಿ ಮೂರು ಅಂಗಡಿ ತಿರುಗಿದೆ. ಮೂವರಿಗೂ ಒಂದೇ ಪ್ರಶ್ನೆ: "ರಾತ್ರಿ ಎರಡಕ್ಕೆ ರಿಮೋಟಿನ ಸೆಲ್ ಮುಗಿದರೆ ಕಾರು ಹೇಗೆ ಚಾಲೂ ಮಾಡಲಿ?"

ಒಬ್ಬ "ಹಂಗೆಲ್ಲ ಆಗಂಗಿಲ್ರೀ" ಎಂದು ನಕ್ಕ. ಇನ್ನೊಬ್ಬ ದರಪಟ್ಟಿ ಮುಂದಿಟ್ಟ. ಮೂರನೆಯವನು ಮಾತಾಡಲಿಲ್ಲ. ತನ್ನ ಕಾರಿನ ರಿಮೋಟಿನಿಂದ ಸೆಲ್ ತೆಗೆದು, ಬಚ್ಚಿಟ್ಟಿದ್ದ ಗುಂಡಿ ತೋರಿಸಿ, ಕೀಲಿ ನನ್ನ ಕೈಗಿತ್ತು, "ಈಗ ನೀವೇ ಚಾಲೂ ಮಾಡ್ರೀ ಕಾಕಾ" ಎಂದ. ಕೆಲಸ ಅವನಿಗೇ ಕೊಟ್ಟೆ. ನಮ್ಮ ಕಾರಿನಲ್ಲಿ ಆ ಗುಂಡಿ ಎಲ್ಲಿದೆಯೆಂದು ಇಲ್ಲಿ ಬರೆಯುವುದಿಲ್ಲ!

ಅವನು ಹೊಸ ತಂತಿಗೆ ಪ್ರತ್ಯೇಕ ಫ್ಯೂಸ್ ಹಾಕಿದ. ಕಾರು ಸುಮ್ಮನೆ ನಿಂತಾಗಲೂ ಅಲಾರಾಂ ಬ್ಯಾಟರಿಯಿಂದ ಚೂರುಚೂರು ವಿದ್ಯುತ್ ಹೀರುತ್ತಿರುತ್ತದೆ. ಅದನ್ನೂ ಮೀಟರ್ ಹಿಡಿದು ಅಳೆದು ತೋರಿಸಿದ.

ಹೆಚ್ಚು ಹೊತ್ತು ಹಿಡಿದದ್ದು ಸೆನ್ಸರ್ ಹೊಂದಿಸುವುದು. ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ ಹೋದಾಗ ನೋಡಿದ್ದೇನೆ: ಜನಸಂದಣಿಯಲ್ಲಿ ಯಾರದೋ ಕಾರು ಒಂದೇ ಸಮನೆ ಒದರುತ್ತಿರುತ್ತದೆ, ಯಾರೊಬ್ಬರೂ ತಿರುಗಿ ನೋಡುವುದಿಲ್ಲ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯೇ. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದಾಗಲೆಲ್ಲ ನೆಲ ನಡುಗುತ್ತದೆ. ಬೆಕ್ಕುಗಳಿಗೆ ಬಾನೆಟ್ಟೇ ಹಾಸಿಗೆ. ಇವಕ್ಕೆಲ್ಲ ಒದರಿದರೆ ಓಣಿಯವರು ನಾಲ್ಕೇ ದಿನದಲ್ಲಿ ಕಿವಿ ಮುಚ್ಚಿಕೊಂಡಾರು. ಅವನು ಸಣ್ಣ ತಿರುಪು ತಿರುಗಿಸುತ್ತಾ, ಬಾನೆಟ್ ಮೇಲೆ ಕೈಯೂರಿದರೆ ಸುಮ್ಮನಿದ್ದು ಗಾಜು ಬಡಿದರಷ್ಟೇ ಒದರುವ ಹಾಗೆ ಮಾಡಿದ.

ಊರಿಗೆ ಬಂದ ಮೇಲೆ ಅಕ್ಕಪಕ್ಕದ ಐದು ಮನೆಯವರನ್ನು ಕರೆದು ಅದರ ದನಿ ಕೇಳಿಸಿದೆ. ಪಕ್ಕದ ಮನೆಯ ಅವ್ವ, "ಈ ದನಿ ಬಂದ್ರ ನಾ ಬಡಿಗಿ ಹಿಡ್ಕೊಂಡು ಬರ್ತೀನಿ" ಎಂದರು.

ಕಳೆದ ವಾರ ಸಂಜೆ ಒಮ್ಮೆ ಒದರಿತು. ನಾನು ಚಪ್ಪಲಿ ಮೆಟ್ಟಿ ಹೊರಬರುವಷ್ಟರಲ್ಲಿ ಮೂರು ಮನೆಯ ಬಾಗಿಲು ತೆರೆದಿದ್ದವು. ಅವ್ವ ಬಡಿಗಿ ಹಿಡಿದು ಕಾರಿನ ಮುಂದೆ ನಿಂತಿದ್ದರು. ಕಾರಿನ ಕೆಳಗೆ ಒಂದು ಕ್ರಿಕೆಟ್ ಚೆಂಡಿತ್ತು. ಓಣಿಯ ಹುಡುಗರು ಒಬ್ಬರೂ ಕಾಣಲಿಲ್ಲ.