ಕೂಡಿಸಿ ಬರೆಯಲೋ, ಬಿಡಿಸಿ ಬರೆಯಲೋ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಕಾಗದ ತಲುಪಿತು. ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕೂತಿದ್ದೀರಿ. ಮಕ್ಕಳಲ್ಲಿ ಕೆಲವರು 'ಕ್ಯಾನಾಟ್' ಎಂದು ಕೂಡಿಸಿ, ಕೆಲವರು 'ಕ್ಯಾನ್ ನಾಟ್' ಎಂದು ಬಿಡಿಸಿ ಬರೆದಿದ್ದಾರೆ. ಬಿಡಿಸಿದವರಿಗೆ ಅಂಕ ಕಳೆಯಲೇ ಎಂದು ಕೇಳಿದ್ದೀರಿ. ಕಳೆಯಬೇಡಿ. ಆದರೆ ಕರೆದು ಒಂದು ಮಾತು ಹೇಳಿ.

ಇವತ್ತಿನ ರೂಢಿ ಕೂಡಿಸುವುದೇ. ಪತ್ರಿಕೆ, ಪುಸ್ತಕ, ಕಚೇರಿ ಪತ್ರ ಎಲ್ಲೆಲ್ಲೂ ಅದು ಒಂದೇ ಪದ. ಈ ಬೆಸುಗೆ ಹಳೆಯದು, ಮಧ್ಯಕಾಲದ ಇಂಗ್ಲಿಷ್ ಬರಹದಲ್ಲೇ ಸಿಗುತ್ತದೆ. ಹಾಗೆಂದು ಬಿಡಿಸಿದ ರೂಪವನ್ನು ತಪ್ಪೆನ್ನಲು ನನಗೆ ಧೈರ್ಯ ಸಾಲದು. 1863ರ ನವೆಂಬರ್‌ನಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಮಾಡಿದ ಪುಟ್ಟ ಭಾಷಣವನ್ನು ಅಬ್ರಹಾಂ ಲಿಂಕನ್ ಆಮೇಲೆ ಕೈಯಾರೆ ಬರೆದು ಸಹಿ ಹಾಕಿಕೊಟ್ಟರಲ್ಲ, 'ಬ್ಲಿಸ್ ಪ್ರತಿ' ಅನ್ನುತ್ತಾರೆ, ಅದರಲ್ಲಿ ಈ ಪದ ಒಂದರ ಹಿಂದೊಂದು ಮೂರು ಸಲ ಬರುತ್ತದೆ, ಮೂರು ಸಲವೂ ಬಿಡಿಬಿಡಿಯಾಗಿ. ಅವರ ಅಂಕ ಕಳೆಯುವವರು ಯಾರು?

ಮಕ್ಕಳಿಗೆ ಹೇಳಬೇಕಾದ ಮಾತು ಅರ್ಥದ್ದು. 'ಯು ಕ್ಯಾನಾಟ್ ಗೋ' ಅಂದರೆ ನೀನು ಹೋಗುವಂತಿಲ್ಲ. 'ಯು ಕ್ಯಾನ್' ಎಂದು ತುಸು ತಡೆದು, 'ನಾಟ್ ಗೋ' ಎಂದು ಒತ್ತಿ ಹೇಳಿದರೆ, ಹೋಗದೆಯೂ ಇರಬಹುದು, ನಿನ್ನಿಷ್ಟ ಎಂದಾಗುತ್ತದೆ. ಮೊದಲನೆಯದರಲ್ಲಿ 'ನಾಟ್' ಹಿಂದಿನ 'ಕ್ಯಾನ್' ಅನ್ನೇ ಹೊಡೆದುಹಾಕುತ್ತದೆ. ಎರಡನೆಯದರಲ್ಲಿ ಮುಂದಿನ ಕ್ರಿಯೆಯ ಕಡೆಗೆ ವಾಲುತ್ತದೆ. ನಮ್ಮ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. 'ಹೋಗಲಾರೆ', 'ಹೋಗದಿರಬಲ್ಲೆ' ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಸಾಕು, ಯಾರೂ ಒಂದೇ ಅನ್ನುವುದಿಲ್ಲ.

ಇನ್ನೊಂದು ಜಾಗದಲ್ಲಂತೂ ಬಿಡಿಸಲೇಬೇಕು. 'ಶೀ ಕ್ಯಾನ್ ನಾಟ್ ಓನ್ಲಿ ಸಿಂಗ್ ಬಟ್ ಆಲ್ಸೋ ಡ್ಯಾನ್ಸ್' ಎಂಬಲ್ಲಿ 'ನಾಟ್' ಸೇರಿದ್ದು 'ಓನ್ಲಿ'ಗೆ. ಕೂಡಿಸಿಬಿಟ್ಟರೆ ಹಾಡೊಂದು ಆಕೆಗೆ ಬಾರದು ಎಂದುಕೊಂಡೇ ಓದುಗ ಅರ್ಧ ವಾಕ್ಯ ದಾಟಿ, 'ಬಟ್' ಬಂದಾಗ ಹಿಂದೆ ತಿರುಗಬೇಕು. ನನ್ನನ್ನು ಕೇಳಿದರೆ ಇಂಥ ಕಡೆ ವಾಕ್ಯವನ್ನೇ ತಿರುಗಿಸಿ ಬರೆಯುವುದು ಮೇಲು. ಬರೀ ಒಂದು ತೆರಪನ್ನು ನಂಬಿ ಅರ್ಥ ಕಾಯುವುದು ಕಷ್ಟ. ಅಚ್ಚಿನಲ್ಲಿ ಅದು ಯಾವಾಗ ಬೇಕಾದರೂ ಮಾಯವಾದೀತು.

ತರಗತಿಯಲ್ಲಿ ಜಾಣ ಹುಡುಗಿಯೊಬ್ಬಳು ಎದ್ದು, 'ಶುಡ್ ನಾಟ್', 'ಮಸ್ಟ್ ನಾಟ್' ಯಾಕೆ ಕೂಡುವುದಿಲ್ಲ ಸಾರ್ ಎಂದು ಕೇಳಿಯಾಳು. 'ಮಸ್ಟ್ ನಾಟ್ ಗೋ' ಅಂದರೆ ಹೋಗದಿರುವುದೇ ಕಡ್ಡಾಯ. ಅಲ್ಲಿ 'ನಾಟ್' ಮುಂದಿನದ್ದಕ್ಕೆ ಸೇರಿದ್ದು, ಅದಕ್ಕೇ ದೂರ ನಿಂತಿದೆ ಎಂದು ಹೇಳಿ ಪಾರಾಗೋಣವೆಂದರೆ 'ನೀಡ್ ನಾಟ್' ಅಡ್ಡ ಬರುತ್ತದೆ. ಅಲ್ಲಿ 'ನೀಡ್' ಅನ್ನೇ ಅಲ್ಲಗಳೆದಿದ್ದರೂ ಬರೆಯುವುದು ಎರಡಾಗಿಯೇ. ರೂಢಿಯಮ್ಮಾ, ಅಷ್ಟೇ ಅನ್ನಿ.

'ಕಾಂಟ್' ಎಂಬ ಮೊಟಕು ರೂಪದ ಬಗ್ಗೆಯೂ ಕೇಳಿದ್ದೀರಿ. 1711ರಲ್ಲೇ ಜೋಸೆಫ್ ಅಡಿಸನ್ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಇಂಥ ರೂಪಗಳು ಇಂಗ್ಲಿಷಿನ ಇಂಪು ಕೆಡಿಸುತ್ತಿವೆ ಎಂದು ಗೊಣಗಿದ್ದರು. ಅವರ ಗೊಣಗಾಟವನ್ನು ಭಾಷೆ ಕೇಳಿಸಿಕೊಳ್ಳಲಿಲ್ಲ. ಕಥೆ, ಸಂಭಾಷಣೆಯಲ್ಲಿ ಧಾರಾಳವಾಗಿ ಬರೆಯಲಿ. ಅರ್ಜಿ, ವರದಿಗಳಲ್ಲಿ ಪೂರ್ತಿ ಬರೆಯುವ ಅಭ್ಯಾಸ ಇರಲಿ.

ಕೆಂಪು ಶಾಯಿಗೆ ಕೆಲಸ ಬೇಕೇ ಬೇಕು ಎಂದಾದರೆ, ಕೂಡಿಸುವ ಆತುರದಲ್ಲಿ ಒಂದು 'ಎನ್' ನುಂಗಿದವರನ್ನು ಹುಡುಕಿ. ಕೂಡಿಸಿದರೂ ಅಲ್ಲಿ ಎರಡು 'ಎನ್' ಇರಲೇಬೇಕು. ಅಲ್ಲಿ ಅರ್ಧ ಅಂಕ ಕಳೆದರೆ ನನ್ನ ತಕರಾರಿಲ್ಲ.

ನಿಮ್ಮ ವಿಶ್ವಾಸಿ