ಫೋಟೊದ ಹಿಂದಿನ ನಾಲ್ಕು ಸಾಲು

ದೇವದುರ್ಗದ ಅಕ್ಕ ಮನೆಗೆ ಸುಣ್ಣ ಹಚ್ಚಿಸುವಾಗ ಅಪ್ಪನ ಟ್ರಂಕು ತೆಗೆದಳಂತೆ. ಅದರಲ್ಲಿದ್ದ ಒಂದು ಹಳೇ ಫೋಟೊ ನನಗೆ ಕಳಿಸಿದಳು. ಬೆಂಗಳೂರಿನ ವಿಧಾನಸೌಧ, ಅದರ ಮುಂದೆ ಧೋತರ, ಕರಿ ಕೋಟು ಹಾಕಿ ನಿಂತ ಅಪ್ಪ. ಹಿಂಬದಿಯಲ್ಲಿ ಉರ್ದುವಿನಲ್ಲಿ ನಾಲ್ಕು ಸಾಲು. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ.

ಅಪ್ಪ ಮಾನ್ವಿಯಲ್ಲಿ ಗುಮಾಸ್ತರು. ನಿಜಾಮರ ಕಾಲದ ಸಾಲಿ ಕಲಿತವರು, ಮಾತು ಕನ್ನಡ, ಬರವಣಿಗೆ ಉರ್ದು. 1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟಾಗ ರಾಯಚೂರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸುತ್ತಿದ್ದ ಆ ಸೌಧ ನಮಗೆ ಪರರಾಜ್ಯದ್ದು. ಕಟ್ಟಡ ಮುಗಿದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ನಾವೂ ಮೈಸೂರು ರಾಜ್ಯಕ್ಕೆ ಸೇರಿದೆವು. ಮೂವತ್ತು ದಾಟಿದ್ದ ಅಪ್ಪ ಅಕ್ಕನ ಪಾಟಿ ಇಸಗೊಂಡು ಕನ್ನಡ ಅಕ್ಷರ ತಿದ್ದಲು ಕೂತರು.

ಈ ಫೋಟೊ ಅಜ್ಜಿಗೆ ತೋರಿಸಿದ ದಿನ ನನಗೆ ನೆನಪಿದೆ. ಅಜ್ಜಿ ತುಂಗಭದ್ರಾ ಎಡದಂಡೆ ಕಾಲುವೆ ಅಗೆಯುವಾಗ ಬುಟ್ಟಿ ಮಣ್ಣು ಹೊತ್ತವಳು.

"ಇಷ್ಟ್ ದೊಡ್ಡ ಮನಿಗೆ ಕಲ್ಲು ಹೊತ್ತೋರು ಯಾರಪ್ಪ?"

"ಸರಕಾರದವರು ಕಟ್ಟಿಸ್ಯಾರವ್ವ."

"ಕಟ್ಟಿಸಿದೋರ್ನ ಕೇಳಿಲ್ಲ ನಾನು, ಹೊತ್ತೋರ್ನ ಕೇಳೀನಿ."

ಅಪ್ಪ ಸುಮ್ಮನಾದರು. ಮುಂದೊಮ್ಮೆ ರಾಯಚೂರಿಗೆ ಹೋದಾಗ ನನ್ನನ್ನು ಕೋಟೆಗೆ ಕರೆದೊಯ್ದರು. ಅಲ್ಲಿ 1294ರ ಶಾಸನವಿರುವ, 41 ಅಡಿಗೂ ಮಿಕ್ಕಿದ ಒಂದೇ ಕಲ್ಲು ಗೋಡೆಯಲ್ಲಿದೆ. ಅದನ್ನು ಬಂಡಿಗೆ ಹೇರಿ, ದನಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನು ಪಕ್ಕದಲ್ಲೇ ಕೊರೆದಿದ್ದಾರೆ. ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕುವ ಮಂದಿಯೂ ಇದ್ದಾರೆ. "ಅಜ್ಜಿಗೆ ಹೇಳು, ಇಲ್ಲಿ ಹೊತ್ತೋರ ಚಿತ್ರ ಬರೆದಾರಂತ" ಅಂದರು.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ವಿಧಾನಸೌಧ ಕಟ್ಟುವಾಗಿನ ಹಳೇ ಫೋಟೊಗಳನ್ನು ತೋರಿಸಿದಳು. ಅರ್ಧ ಎದ್ದ ಕಂಬಗಳು, ಮರದ ಸಾರುವೆ, ನಡುವೆ ಇರುವೆಯಷ್ಟು ಸಣ್ಣಗೆ ಕೂಲಿ ಜನ. ದೊಡ್ಡದು ಮಾಡಿ ನೋಡಿದೆ, ಮುಖ ಕಲಸಿಹೋಗುತ್ತವೆ. ನಮ್ಮ ಅಕ್ಕನ ಓಣಿಯಿಂದ ಇವತ್ತಿಗೂ ಬ್ಯಾಸಗಿ ಬಂದರೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೇ. ಅವರೂ ಯಾರದೋ ಫೋಟೊದಲ್ಲಿ ಹೀಗೇ ಬಿದ್ದಿರಬಹುದು.

ಕೊನೆಗೆ ನಮ್ಮ ಓಣಿಯ ನಿವೃತ್ತ ಉರ್ದು ಮಾಸ್ತರರು ಹಿಂಬದಿ ಓದಿದರು. ಮೊದಲ ಮೂರು ಸಾಲು ಖರ್ಚಿನ ಲೆಕ್ಕ: ರೈಲು, ಊಟ, ಫೋಟೊ. ನಾಲ್ಕನೆಯದು ಬೇರೆ ಮಸಿಯಲ್ಲಿ, ಆಮೇಲೆ ಬರೆದದ್ದು: "ಅವ್ವ ಕೇಳ್ತಾಳ, ಕಲ್ಲು ಹೊತ್ತೋರು ಯಾರು."

ಫೋಟೊ ವಾಪಸ್ ಕೊಡು ಅಂತ ಅಕ್ಕ ಎರಡು ಸಲ ಫೋನು ಮಾಡಿದ್ದಾಳೆ. ಇನ್ನೂ ಕೊಟ್ಟಿಲ್ಲ.